ಪರದೆಯ ಎಡಭಾಗ

ವಿಜಯನಗರ, ಬೆಂಗಳೂರು
೨೮ ಜೂನ್ ೨೦೦೮, ಶನಿವಾರ

ಆಫೀಸಿಗೆ ರಜೆ ಹಾಕಿದ್ದೇನೆ. ಉಮಾ ಮಗಳನ್ನು ಕರೆದುಕೊಂಡು ಚಂದ್ರಾ ಲೇಔಟಿನ ತನ್ನ ಅಕ್ಕನ ಮನೆಗೆ ಹೋಗಿದ್ದಾಳೆ. ಮನೆಯಲ್ಲಿ ನಾನೊಬ್ಬನೇ.

ಅಕ್ಕ ಬಸವರಾಜೇಶ್ವರಿಗೆ ತಮ್ಮ ರುದ್ರೇಶನ ನಮಸ್ಕಾರ.

ನೀನು ಕೊಟ್ಟೂರಿಗೆ ವಾಪಸಾಗಿ ತಿಂಗಳಾಗುತ್ತ ಬಂತು. ಬಸ್ಸಿನ ಕಿಟಕಿಯ ಪಕ್ಕ ನಿಂತು ಪತ್ರ ಬರೆಯುತ್ತೇನೆ ಎಂದು ಹೇಳಿದವನು ಇಷ್ಟು ದಿನ ಬರೆಯಲಿಲ್ಲ. ತಪ್ಪಾಯಿತು. ಈ ವಾರ ನೀನು ಎರಡು ಸಲ ಫೋನ್ ಮಾಡಿದೆ. ಎರಡು ಸಲವೂ ನಾನು ಮನೆಯಲ್ಲೇ ಇದ್ದೆ. ಸ್ನಾನಕ್ಕೆ ಹೋಗಿದ್ದಾರೆ ಎಂದು ಉಮಾ ಹೇಳಿದ್ದು ನಾನು ಹೇಳಿಸಿದ ಸುಳ್ಳು. ಎರಡನೆಯ ಸಲ ನೀನು, “ಏನವಾ, ಯಾವಾಗ ಫೋನ್ ಮಾಡಿದ್ರೂ ನಿನ್ ಗಂಡ ಬಚ್ಚಲದಾಗ ಇರ್ತಾನಲ್ಲ, ಅಲ್ಲೇ ಹಾಸಿಗಿ ಹಾಸಿಕೊಟ್ಟೀಯೇನು?” ಎಂದು ನಕ್ಕೆಯಂತೆ. ಉಮಾ ಅದನ್ನು ಹೇಳಿ ತಾನೂ ನಕ್ಕಳು. ನನಗೆ ನಗು ಬರಲಿಲ್ಲ. ಫೋನಿನಲ್ಲಿ ನಿನ್ನ ದನಿ ಕೇಳಿದರೆ ಹೇಳಬೇಕಾದ್ದನ್ನು ಬಿಟ್ಟು, ಊರಲ್ಲಿ ಮಳೆಯಾಯಿತೇ ಎಂದು ಕೇಳುತ್ತೇನೆ. ಅದಕ್ಕೇ ಬರೆಯುತ್ತಿದ್ದೇನೆ.

ಕೆಮ್ಮು ಹೇಗಿದೆ? ಬಲಗಡೆ ಪಕ್ಕೆ ಹಿಡಿದುಕೊಂಡು ಕೆಮ್ಮುತ್ತಿದ್ದೆಯಲ್ಲ, ಆ ನೋವು ಹೋಯಿತೇ, ಇನ್ನೂ ಇದೆಯೇ? ಚುನಾವಣೆ ಡ್ಯೂಟಿಯಲ್ಲಿ ಕುಡಿದ ಧೂಳು ಎಂದು ನೀನು ಹೇಳಿದ್ದೆ. ಎಕ್ಸ್‌ರೇಯಲ್ಲಿ ಏನೂ ಇಲ್ಲ ಎಂದು ತಿಳಿಸಿದ ದಿನ ಕೊಟ್ರಪ್ಪ ಭಾವ ಫೋನಿನಲ್ಲೇ ಅತ್ತರು. ಮರುದಿನ ಓಣಿಯವರಿಗೆಲ್ಲ ಮಿರ್ಚಿ ಮಂಡಕ್ಕಿ ಕೊಡಿಸಿದರೆಂದು ನೀನೇ ಹೇಳಿದೆ. ಆ ಎಕ್ಸ್‌ರೇ ವಿಷಯಕ್ಕೆ ನಾನು ಬರುತ್ತೇನೆ ಅಕ್ಕ. ಸ್ವಲ್ಪ ತಡೆ. ಅಲ್ಲಿಗೆ ನೇರವಾಗಿ ಬರಲು ನನ್ನಿಂದ ಆಗುತ್ತಿಲ್ಲ.

ಆ ದಿನ ಆಟೋ ಮಾಗಡಿ ರಸ್ತೆ ದಾಟುವಾಗ ನೀನು ಕೇಳಿದೆ: “ಅಲ್ಲೋ ತಮ್ಮಾ, ನಿನ್ ಕೆಲಸ ಏನಂತ ಯಾರರೆ ಕೇಳಿದ್ರ ಇಷ್ಟು ವರ್ಷ ಕಂಪ್ಯೂಟರ್ ಅಂತ ಹೇಳ್ಕೋತ ಬಂದೀನಿ. ಆ ಕಂಪ್ಯೂಟರ್‌ದಾಗ ನೀ ಮಾಡೋದು ಏನಪಾ?” ಆಟೋದವನು ಹಿಂದೆ ತಿರುಗಿ, “ಎಲ್ಲಾ ಅದೇ ಅಲ್ವಾ ಅಮ್ಮ, ಕೀ ಒತ್ತೋದು,” ಎಂದ. ನಾವು ನಕ್ಕೆವು. ನಾನು ಉತ್ತರ ಕೊಡದೆ ತಪ್ಪಿಸಿಕೊಂಡೆ. ಈಗ ಕೊಡುತ್ತೇನೆ. ಅದು ತಿಳಿಯದಿದ್ದರೆ ಉಳಿದದ್ದು ತಿಳಿಯುವುದಿಲ್ಲ.

ನಾನು ಪರದೆಗಳನ್ನು ರೂಪಿಸುತ್ತೇನೆ. ಯಾವ ಬಟನ್ ಎಲ್ಲಿರಬೇಕು, ಯಾವ ಅಂಕಿ ದೊಡ್ಡದಾಗಿ ಕಾಣಬೇಕು, ಯಾವುದು ಯಾವಾಗ ಕೆಂಪಗಾಗಬೇಕು, ಇದು ನನ್ನ ಕೆಲಸ. ಸಾಫ್ಟ್‌ವೇರ್ ಬರೆಯುವವರು ಬೇರೆ. ನಾನು ಮಾಡುವ ಪರದೆಗಳು ಎಲ್ಲರೂ ನೋಡುವಂಥವಲ್ಲ. ಒಂದೇ ಕೆಲಸದಲ್ಲಿ ಆಯಸ್ಸು ಕಳೆದವರು ಮಾತ್ರ ನೋಡುವಂಥವು. ಮೊದಲು ಪೀಣ್ಯದಲ್ಲಿ ಕುಲುಮೆ ನಡೆಸುವವರಿಗೆ ಮಾಡಿದೆ. ಆಮೇಲೆ ಎರಕದ ಲೋಹದಲ್ಲಿ ಬಿರುಕು ಹುಡುಕುವವರಿಗೆ. ಈಗ ಎಂಟು ವರ್ಷದಿಂದ, ರಾಜಾಜಿನಗರದ ಮರಿಯಪ್ಪನವರ ಕಂಪನಿಯಲ್ಲಿ, ಎಕ್ಸ್‌ರೇ ಓದುವ ಡಾಕ್ಟರುಗಳಿಗೆ ಮಾಡುತ್ತಿದ್ದೇನೆ. ಕುಲುಮೆಯವನಿಗೂ ಡಾಕ್ಟರಿಗೂ ನನ್ನ ಮಟ್ಟಿಗೆ ಹೆಚ್ಚು ವ್ಯತ್ಯಾಸವಿಲ್ಲ. ಇಬ್ಬರೂ ಮಿಕ್ಕವರಿಗೆ ಕಾಣದ್ದನ್ನು ಕಾಣುತ್ತಾರೆ, ಹೇಗೆ ಕಂಡೆವು ಎಂದು ಹೇಳಲು ಇಬ್ಬರಿಗೂ ಬರುವುದಿಲ್ಲ.

ಹಾಗಾಗಿ ಕೇಳಿ ಪ್ರಯೋಜನವಿಲ್ಲ, ನೋಡಬೇಕು. ಅವರ ಬೆನ್ನ ಹಿಂದೆ, ಸ್ವಲ್ಪ ಬಲಕ್ಕೆ, ಒಂದು ಕುರ್ಚಿ ಹಾಕಿಕೊಂಡು ದಿನಗಟ್ಟಲೆ ಕೂರುತ್ತೇನೆ. ಅವರ ಕೈ ಎಲ್ಲಿ ತಡವರಿಸಿತು, ಕಣ್ಣು ಯಾವುದನ್ನು ಹುಡುಕಿತು ಎಂದು ನೋಡುತ್ತೇನೆ. ಮಾತಾಡುವುದಿಲ್ಲ. ಹಿಂದಿನಿಂದ ಒಂದು ಮಾತು ಬಂದರೆ ಅವರ ಗಮನ ಕದಲುತ್ತದೆ, ಕೆಲಸ ಕೆಡುತ್ತದೆ. ಕೆಮ್ಮು ಬಂದರೂ ಎದ್ದು ಹೊರಗೆ ಹೋಗುತ್ತೇನೆ. ಮದುವೆಯಾದ ಹೊಸತರಲ್ಲಿ ಉಮಾ, “ಮನೇಲೂ ಹಂಗೇ ಕೂತ್ಕೋಬೇಡಿ, ಭಯ ಆಗುತ್ತೆ,” ಎನ್ನುತ್ತಿದ್ದಳು.

ಕೂರುವ ಮೊದಲು ಪ್ರತಿಯೊಬ್ಬರಿಗೂ ಒಂದು ಮಾತು ಕೊಡುತ್ತೇನೆ: “ನಾನು ನೋಡೋದು ಪರದೇನ, ನಿಮ್ಮನ್ನಲ್ಲ.” ಇದು ಬಾಯಿಮಾತಿಗೆ ಹೇಳುವುದಲ್ಲ. ಪೀಣ್ಯದಲ್ಲಿ ನನಗಿಂತ ಹಿರಿಯರೊಬ್ಬರು ರಾಮಯ್ಯ ಎಂಬ ಕುಲುಮೆಯವನ ಹಿಂದೆ ಕೂತು ಬರೆದುಕೊಂಡಿದ್ದರು. ಆ ಬರಹ ಮ್ಯಾನೇಜರ್ ಕೈ ಸೇರಿತು. ರಾಮಯ್ಯ ಕೆಲಸದ ನಡುವೆ ಎಷ್ಟು ಹೊತ್ತು ಕಣ್ಣು ಮುಚ್ಚಿದ್ದ ಎಂಬುದೂ ಅದರಲ್ಲಿತ್ತು. ಅವನನ್ನು ಮನೆಗೆ ಕಳಿಸಿದರು. ಆಮೇಲೆ ಆ ಕಾರ್ಖಾನೆಯಲ್ಲಿ ಯಾರೂ ನಮ್ಮನ್ನು ಹತ್ತಿರ ಸೇರಿಸಲಿಲ್ಲ. ನಮ್ಮ ಕಸುಬು ನಿಂತಿರುವುದು ಆ ಮಾತಿನ ಮೇಲೆ. ಇನ್ನೊಂದು ನಂಬಿಕೆಯೂ ನಮಗಿದೆ: ಬಳಸುವವರು ಎಡವಿದರೆ ತಪ್ಪು ಪರದೆಯದು, ಅವರದಲ್ಲ. ಹೊಸಬರು ಸೇರಿದ ಮೊದಲ ದಿನವೇ ನಾನು ಅವರಿಗೆ ಕಲಿಸುವುದು ಇದನ್ನು.

ಈಗ ಡಾಕ್ಟರ್ ಅನಂತಲಕ್ಷ್ಮಿಯವರ ವಿಷಯ. ನೀನು ಅವರನ್ನು ನೋಡಿದ್ದೀಯೆ. ಬಸವೇಶ್ವರನಗರದ ಆ ಸ್ಕ್ಯಾನ್ ಸೆಂಟರಿನ ಒಳಕೋಣೆಯಿಂದ ಎದ್ದು ಬಂದು ನಿನ್ನ ಕೈ ಹಿಡಿದುಕೊಂಡರು. “ನಿಮ್ಮ ತಮ್ಮ ಎಂಟು ವರ್ಷದಿಂದ ನನ್ನ ಬೆನ್ನು ನೋಡ್ಕೊಂಡೇ ಸಂಬಳ ತಗೋತಾ ಇದಾರೆ,” ಎಂದರು. “ಅದಕ್ಕ ನೋಡ್ರಿ, ಕೂದಲೆಲ್ಲ ಬೆಳ್ಳಗ ಮಾಡ್ಕೊಂಡಾನ,” ಎಂದು ನೀನು ಹೇಳಿದಾಗ ಅವರು ನಕ್ಕಿದ್ದನ್ನು ಹೊರಗೆ ಕೂತವರೆಲ್ಲ ಕೇಳಿಸಿಕೊಂಡರು.

ಎಕ್ಸ್‌ರೇ ಎಂದರೆ ಕಪ್ಪು ಬಿಳುಪು ಎಂದಷ್ಟೇ ತಿಳಿದಿದ್ದ ನನಗೆ ಅದನ್ನು ನೋಡಲು ಕಲಿಸಿದವರು ಅವರು. “ಮೊದಲು ಅಂಚು ನೋಡಬೇಕು ರುದ್ರೇಶ್. ಮಧ್ಯ ಎಲ್ಲರೂ ನೋಡ್ತಾರೆ,” ಎನ್ನುತ್ತಿದ್ದರು. ಪರದೆಯ ಎಡಗಡೆ ಕಾಣುವುದು ರೋಗಿಯ ಬಲಗಡೆ ಎಂದು ಹೇಳಿಕೊಟ್ಟವರೂ ಅವರೇ. ರೋಗಿ ನಮಗೆ ಎದುರಾಗಿ ನಿಂತಂತೆ ಆ ಚಿತ್ರವಿರುತ್ತದೆ. “ಎದುರಿಗೆ ಒಬ್ಬ ಮನುಷ್ಯ ನಿಂತಿದಾನೆ ಅಂದ್ಕೊಂಡೇ ಓದಬೇಕು” ಎಂಬ ಅವರ ಮಾತು ನನ್ನ ಕಿವಿಯಲ್ಲಿದೆ.

ಅವರಿಗಾಗಿ ನಾನು ಪರದೆಯ ಮೇಲೆ ಒಂದು ಭೂತಗನ್ನಡಿ ಮಾಡಿಕೊಟ್ಟೆ. ಮೌಸ್ ಸರಿಸಿದ ಕಡೆಯೆಲ್ಲ ಚಿತ್ರ ದೊಡ್ಡದಾಗಿ ಕಾಣುತ್ತದೆ. ಆ ಕನ್ನಡಿ ಎಲ್ಲೆಲ್ಲಿ ಓಡಾಡಿತು ಎಂಬುದನ್ನು ಸಾಫ್ಟ್‌ವೇರ್ ಉಳಿಸಿಕೊಳ್ಳುತ್ತದೆ, ಮುಂದಿನ ಸುಧಾರಣೆಗೆ ನಮಗೆ ಬೇಕು ಎಂದು. ರೋಗಿಯ ಚಿತ್ರವಾಗಲಿ ಹೆಸರಾಗಲಿ ನಮಗೆ ಬರುವುದಿಲ್ಲ. ಖಾಲಿ ಚೌಕದೊಳಗೆ ಒಂದು ಗೆರೆ, ಮೇಲೆ ದಿನ ಮತ್ತು ವೇಳೆ, ಅಷ್ಟೇ. ಅವರ ಗೆರೆಗಳು ನನಗೆ ಅಂಗೈಯಷ್ಟು ಪರಿಚಿತ. ಮೊದಲು ನಾಲ್ಕು ಅಂಚು ಸುತ್ತಿ, ಆಮೇಲೆ ಬಲ, ನಡು, ಎಡ ಎಂದು ನೇಗಿಲು ಹೊಡೆದ ಹಾಗೆ ಸಾಲಾಗಿ, ಚೌಕದ ಒಂದು ಮೂಲೆಯನ್ನೂ ಬಿಡದೆ.

ಯುಗಾದಿ ಕಳೆದ ಮೇಲೆ ಒಂದು ದಿನ ಅವರು ಫೋನ್ ಮಾಡಿ ರೇಗಿದರು. “ಏನ್ರೀ ಇದು, ಹೇಳದೆ ಕೇಳದೆ ಅರ್ಧ ಬಟನ್ ಎತ್ತಿಬಿಟ್ಟಿದೀರ? ಅಳತೆ ಪಟ್ಟಿ ಎಲ್ಲಿ? ಹಳೇ ಎಕ್ಸ್‌ರೇ ತೆಗೆಯೋದು ಎಲ್ಲಿ? ದಿನಾ ಹುಡುಕೋದೇ ಒಂದು ಕೆಲಸ ಆಗಿದೆ ನಂಗೆ.”

ನಾವು ಏನನ್ನೂ ಎತ್ತಿರಲಿಲ್ಲ. ಆ ಬಟನ್‌ಗಳು ಎಂಟು ವರ್ಷದಿಂದ ಇದ್ದಲ್ಲೇ, ಪರದೆಯ ಎಡ ಅಂಚಿನಲ್ಲಿ, ಇದ್ದವು. ಬೇರೆ ಯಾರಾದರೂ ಆಗಿದ್ದರೆ, “ಅಲ್ಲೇ ಇದೆ ನೋಡಿ ಮೇಡಂ,” ಎನ್ನುತ್ತಿದ್ದರು. ಅಕ್ಕ, ಆ ಒಂದು ಮಾತನ್ನು ಯಾರಾದರೂ ಅಂದಿದ್ದರೆ! ನನ್ನ ಕಸುಬಿನಲ್ಲಿ ಹಾಗೆ ಹೇಳುವವನು ಕೆಲಸ ಬರದವನು. ನಾನು ಹೋಗಿ ನನ್ನ ಕುರ್ಚಿಯಲ್ಲಿ ಕೂತೆ. ಅವರು ನಿಜವಾಗಿಯೂ ಹುಡುಕುತ್ತಿದ್ದರು. ಸೆಂಟರಿನವರು ಆಗಷ್ಟೇ ಅಗಲವಾದ ಹೊಸ ಮಾನಿಟರ್ ತಂದಿದ್ದರು. ಎಡ ಅಂಚು ದೂರವಾಗಿ ಕಣ್ಣಿಗೆ ಬೀಳುತ್ತಿಲ್ಲ, ತಪ್ಪು ಪರದೆಯದು ಎಂದು ತೀರ್ಮಾನಿಸಿದೆ. ಒಂದು ವಾರದೊಳಗೆ ಎಲ್ಲ ಬಟನ್‌ಗಳನ್ನೂ ಬಲಗಡೆಗೆ ತಂದೆ. “ಈಗ ನೋಡಿ, ಎಲ್ಲಾ ವಾಪಸ್ ಬಂತು!” ಎಂದು ಅವರು ಮಗುವಿನ ಹಾಗೆ ಸಂತೋಷಪಟ್ಟರು. ಮರಿಯಪ್ಪನವರು ಮೀಟಿಂಗಿನಲ್ಲಿ ನನ್ನನ್ನು ನಿಲ್ಲಿಸಿ ಚಪ್ಪಾಳೆ ತಟ್ಟಿಸಿದರು. ಒಬ್ಬರ ಕಷ್ಟವನ್ನು ಇಷ್ಟು ಬೇಗ, ಇಷ್ಟು ಸರಿಯಾಗಿ ನಾನು ಹಿಂದೆಂದೂ ತೀರಿಸಿರಲಿಲ್ಲ ಎಂದುಕೊಂಡೆ.

ಮೇ ಕೊನೆಯಲ್ಲಿ ನೀನು ಬಂದೆ. ನಮ್ಮ ಡಾಕ್ಟರಮ್ಮನೇ ನೋಡಲಿ ಎಂದು ನಿನ್ನನ್ನು ಅಲ್ಲಿಗೇ ಕರೆದುಕೊಂಡು ಹೋದೆ.

ಹೋದ ಭಾನುವಾರ ಮರಿಯಪ್ಪನವರ ಮಗಳು ಕೀರ್ತನಾಳ ಮದುವೆ, ಮೂಡಲಪಾಳ್ಯದ ಛತ್ರದಲ್ಲಿ. ಊಟದ ಪಂಕ್ತಿಯಲ್ಲಿ ಡಾಕ್ಟರ್ ನಡುವೆ ಕೂತರು, ಅವರ ಬಲಕ್ಕೆ ನಾನು, ನನ್ನ ಪಕ್ಕ ಉಮಾ. ಎಲೆಯ ಎಡಗಡೆ ಉಪ್ಪು, ಉಪ್ಪಿನಕಾಯಿ, ಕೋಸಂಬರಿ, ಪಲ್ಯ ಎಲ್ಲ ಬಡಿಸಿ ಹೋಗಿದ್ದರು. ಡಾಕ್ಟರ್ ಸಾರನ್ನ ಬಾಯಿಗಿಟ್ಟು, “ಅಣ್ಣ, ಉಪ್ಪು ಹಾಕೇ ಇಲ್ವಲ್ಲಪ್ಪ,” ಎಂದು ಬಡಿಸುವವನನ್ನು ಕರೆದರು.

“ಹಾಕಿದೀನಲ್ಲ ಮೇಡಂ, ಅಲ್ಲೇ ಐತೆ.”

“ಎಲ್ಲಿ?”

ಅವನಿಗೆ ಅವಸರ. ಇನ್ನೊಂದು ಚಿಟಿಕೆ ತಂದು ಮೊದಲಿನದರ ಪಕ್ಕದಲ್ಲೇ ಹಾಕಿ ಹೋದ. ಅವರು ಸ್ವಲ್ಪ ಹೊತ್ತು ಕಾದು ಮತ್ತೆ ಕರೆದರು. ಉಪಚಾರಕ್ಕೆ ಬಂದ ಮರಿಯಪ್ಪನವರು, “ಏನ್ ಡಾಕ್ಟ್ರೇ, ನಮ್ಗೆಲ್ಲ ಉಪ್ಪು ಬಿಡಿ ಅಂತೀರ, ನೀವು ಮೂಟೆಗಟ್ಲೆ ತಿಂತೀರ,” ಎಂದು ತಮಾಷೆ ಮಾಡಿದರು. ಸಾಲಿನವರೆಲ್ಲ ನಕ್ಕರು, ಅವರೂ ನಕ್ಕರು. ನಾನು ಅವರ ಎಲೆ ನೋಡುತ್ತಿದ್ದೆ. ಎಲೆಯ ನಡುವಿನಿಂದ ಎಡಕ್ಕೆ ಕೈ ಹೋಗಿರಲಿಲ್ಲ. ಬಲಗಡೆ ಎಲ್ಲ ಖಾಲಿ, ಎಡಗಡೆ ಬಡಿಸಿದ್ದು ಬಡಿಸಿದ ಹಾಗೇ ಇತ್ತು, ಎರಡು ಗುಡ್ಡೆ ಉಪ್ಪಿನ ಸಮೇತ. ಒಂದು ಅಗುಳು ಚೆಲ್ಲದ ಹೆಂಗಸು ಅವರು. “ಯಾಕ್ರೀ ಹಾಗೆ ಇನ್ನೊಬ್ಬರ ಎಲೆ ನೋಡ್ತೀರಾ, ಚೆನ್ನಾಗಿರಲ್ಲ,” ಎಂದು ಉಮಾ ನನ್ನ ತೋಳು ಜಿಗುಟಿದಳು. ಅವರು ಅರ್ಧ ತುಂಬಿದ ಎಲೆಯನ್ನು ಮಡಚಿ ಎದ್ದರು. ಏಳುವಾಗ ಎಡಗಡೆ ಕೂತಿದ್ದ ಅಜ್ಜಿಯ ನೀರಿನ ಲೋಟ ಉರುಳಿಸಿದರು.

ಸೋಮವಾರ ಆಫೀಸಿಗೆ ಹೋದವನೇ ಗೆರೆಗಳನ್ನು ತೆಗೆದೆ. ಫೆಬ್ರವರಿಯವರೆಗೆ ಎಲ್ಲ ಮೊದಲಿನಂತೆಯೇ ಇವೆ. ಮಾರ್ಚ್ ಕೊನೆಯಿಂದ ಚೌಕದ ಎಡಭಾಗ ಬರಿದಾಗುತ್ತ ಬಂದಿದೆ, ಅದರಲ್ಲೂ ಕೆಳಗೆ. ಮೇ ಹೊತ್ತಿಗೆ ಆ ಕಡೆ ಗೆರೆಯೇ ಇಲ್ಲ. ಒಂದರ ಮೇಲೊಂದು ತೆಗೆದು ನೋಡಿದೆ. ಪ್ರತಿಯೊಂದೂ ಒಬ್ಬ ಮನುಷ್ಯನ ಎದೆ, ಅಕ್ಕ. ಪ್ರತಿಯೊಂದರ ಕೆಳಗೂ ಒಂದು ರಿಪೋರ್ಟ್ ಹೋಗಿದೆ.

ಆ ಬಟನ್‌ಗಳು ಕಾಣುತ್ತಿಲ್ಲ ಎನ್ನುವುದು ಅವರ ಕಣ್ಣು ಕೊಟ್ಟ ಒಂದೇ ಒಂದು ಸೂಚನೆ. ಎಡಗಡೆ ಏನೋ ಮಾಯವಾಗಿದೆ ಎಂದು ಅವರೇ ಬಾಯಿಬಿಟ್ಟು ಹೇಳಿದ್ದರು. ನಾನು ಪರದೆಯನ್ನು ಸರಿ ಮಾಡಿದೆ. ಪರದೆ ಸರಿಯಾಗಿಯೇ ಇತ್ತು.

ಮಂಗಳವಾರ ಏನೋ ನೆಪ ಹೇಳಿ ಸೆಂಟರಿಗೆ ಹೋದೆ. “ಕಣ್ಣು ಪರೀಕ್ಷೆ ಮಾಡಿಸಿದ್ರಾ ಮೇಡಂ ಈಚೆಗೆ?” ಎಂದು ಕೇಳಲು ಅರ್ಧ ದಿನ ಹಿಡಿಯಿತು.

“ಹೋದ ತಿಂಗಳೇ ಆಯ್ತಲ್ಲ, ಹೊಸ ಕನ್ನಡಕ. ಕಡೇ ಸಾಲಿನ ಅಕ್ಷರಾನೂ ಓದಿದೆ,” ಎಂದರು. “ಯಾಕ್ರೀ? ನಿಮ್ಮ ಕಣ್ಣಿಗೇನಾದ್ರೂ ತೊಂದರೇನಾ? ಇಡೀ ದಿನ ಕತ್ತಲೆ ಕೋಣೇಲಿ ಕೂತ್ಕೋಬೇಡಿ ನನ್ ಹಾಗೆ.” ಡಬ್ಬಿಯಲ್ಲಿದ್ದ ಅವಲಕ್ಕಿಯಲ್ಲಿ ನನಗೆ ಅರ್ಧ ಕೊಟ್ಟರು. ತಿಂದೆ. ಅವರ ಪರದೆಯ ಬಲಗಡೆಯ ಪಟ್ಟಿಯಲ್ಲಿ ಎದೆಯ ಚಿತ್ರಗಳು ಓದಿಸಿಕೊಳ್ಳಲು ಸಾಲಾಗಿ ಕಾಯುತ್ತಿದ್ದವು. ಅಕ್ಷರ ಓದಿಸುವ ಪರೀಕ್ಷೆ ನೇರ ನೋಟವನ್ನಷ್ಟೇ ಅಳೆಯುತ್ತದೆ, ಪಕ್ಕದ ನೋಟವನ್ನಲ್ಲ ಎಂದು ಹೇಳದೆ ಅಷ್ಟಕ್ಕೇ ಎದ್ದು ಬಂದೆ.

ಗುರುವಾರ ಮರಿಯಪ್ಪನವರ ಮುಂದೆ ಎಲ್ಲವನ್ನೂ ಇಟ್ಟೆ. ಅವರು ಕೆಟ್ಟವರಲ್ಲ ಅಕ್ಕ, ನಿನಗೆ ಹಾಗನ್ನಿಸಬಾರದು. ಗೆರೆಗಳನ್ನು ಒಂದೊಂದಾಗಿ ನೋಡಿದರು. ಆಮೇಲೆ, “ರುದ್ರೇಶ್, ಕೂತ್ಕೊಳಿ ಮೊದ್ಲು,” ಎಂದರು. “ಇದು ಹೊರಗಡೆ ಹೋಯ್ತು ಅನ್ನಿ. ನಾಳೆಯಿಂದ ಯಾವ ಡಾಕ್ಟ್ರು ನಮ್ಮುನ್ನ ಒಳಗ್ ಬಿಟ್ಕೋತಾರೆ? ಇವ್ರು ಸಾಫ್ಟ್‌ವೇರ್ ಕೊಡಲ್ಲ, ಪತ್ತೇದಾರಿ ಮಾಡ್ತಾರೆ ಅಂತಾರೆ.”

“ರೋಗಿಗಳು ಸಾರ್?”

“ನೀವು ಡಾಕ್ಟ್ರಾ? ನಾನ್ ಡಾಕ್ಟ್ರಾ? ಗೆರೆ ನೋಡ್ಬಿಟ್ಟು ಒಬ್ರಿಗೆ ಕಣ್ಣಿಲ್ಲ ಅಂದ್ಬಿಡದಾ? ಹೆಣ್ಮಗಳು, ಮೂವತ್ ವರ್ಷದ ಹೆಸ್ರು.” ಮತ್ತೆ, “ಒಂದ್ ಮಾತ್ ಕೇಳ್ತೀನಿ, ಬೇಜಾರ್ ಮಾಡ್ಕೋಬೇಡಿ. ಎಲ್ಲರ್ಗೂ ನೀವೇ ತಾನೇ ಹೇಳೋದು, ನಾನು ನೋಡೋದು ಪರದೇನ, ನಿಮ್ಮನ್ನಲ್ಲ ಅಂತ? ಈಗ ಏನ್ ನೋಡ್ತಾ ಇದೀರ?” ಎಂದರು.

ಹಳೆಯ ಗೆರೆಗಳನ್ನು ಇನ್ನು ಇಟ್ಟುಕೊಳ್ಳುವುದು ಬೇಡ, ಸೋಮವಾರ ಸಂಜೆ ತಾವೇ ಎದುರಿಗೆ ನಿಂತು ಅಳಿಸಿಸುವುದಾಗಿ ಹೇಳಿದರು. ಬಾಗಿಲವರೆಗೆ ಬಂದು ಬೆನ್ನು ತಟ್ಟಿ, “ಮನೇಗ್ ಹೋಗಿ ನಿದ್ದೆ ಮಾಡಿ,” ಎಂದರು.

ಉಮಾಗೆ ಹೇಳಿದೆ. “ನೀವೇ ತಪ್ಪು ನೋಡಿರಬಹುದಲ್ವೇನ್ರೀ?” ಎಂದಳು. ಹಾಗಿದ್ದರೆ ಎಷ್ಟು ಚೆನ್ನಾಗಿತ್ತು. ನಾನು ನೋಡಿದ್ದು ತಪ್ಪಾಗಲಿ ಎಂದು ನಾನೇ ಬೇಡಿಕೊಳ್ಳುತ್ತಿರುವುದು ಇದೇ ಮೊದಲು.

ಭಾನುವಾರ ಬೆಳಿಗ್ಗೆ

ನಿನ್ನೆ ಇಷ್ಟಕ್ಕೇ ನಿಲ್ಲಿಸಿದ್ದೆ. ಎದ್ದು ಮಾರ್ಕೆಟ್ಟಿಗೆ ಹೋಗಿ ಏನನ್ನೂ ಕೊಳ್ಳದೆ ವಾಪಸು ಬಂದೆ. ಅಲ್ಲಿ ಬುಟ್ಟಿಯ ಮುಂದೆ ಕೂತು ಸೊಪ್ಪು ಆರಿಸುತ್ತಿದ್ದವರು, ಬಸ್ಸಿಗೆ ಕಾಯುತ್ತಿದ್ದವರು, ಯಾರು ಕೆಮ್ಮಿದರೂ ನಿಂತು ತಿರುಗಿ ನೋಡುತ್ತಿದ್ದೆ. ಇವರ ಎದೆಯನ್ನು ಯಾರು ಓದಿದ್ದಾರೋ, ಎಷ್ಟು ಓದಿದ್ದಾರೋ ಎಂದು. ಹಣ್ಣಿನವಳೊಬ್ಬಳು, “ಏನಣ್ಣ ಹಂಗ್ ನೋಡ್ತೀಯ, ತಗೋಳೋದಾದ್ರೆ ತಗೋ,” ಎಂದಳು.

ಅಕ್ಕ, ಅಪ್ಪ ಹೋದ ಮೇಲೆ ನನ್ನನ್ನು ಓದಿಸಿದವಳು ನೀನು. ತರಗತಿಯಲ್ಲಿ ಗೊತ್ತಿದ್ದೂ ಕೈ ಎತ್ತದ ಹುಡುಗ ಎಂದು ಮೇಷ್ಟ್ರು ದೂರಿದಾಗ, “ಅವ ನೋಡಿ ಕಲೀತಾನ್ರಿ, ಮಾತಾಡಿ ಅಲ್ಲ,” ಎಂದು ನನ್ನ ಪರ ವಾದಿಸಿದ್ದೆ. ಆ ಗುಣವನ್ನೇ ನಾನು ಕಸುಬು ಮಾಡಿಕೊಂಡೆ. ಕುಲುಮೆಯ ಪರದೆ, ಎರಕದ ಪರದೆ, ಆಸ್ಪತ್ರೆಯ ಪರದೆ ಎಲ್ಲವೂ ಅದರಿಂದಲೇ ಬಂದವು. ಬಾಯಿ ಮುಚ್ಚಿಕೊಂಡು ಕೂರುವುದೇ ನನ್ನ ಪ್ರಾಮಾಣಿಕತೆ ಎಂದು ನಂಬಿದ್ದೆ. ಈ ವಾರ ಅದು ಯಾವ ಕೆಲಸಕ್ಕೂ ಬರಲಿಲ್ಲ.

ಒಂದು ನಿರ್ಧಾರಕ್ಕೆ ಬಂದಿದ್ದೇನೆ. ನಾಳೆ ಬೆಳಿಗ್ಗೆ, ಅವರು ಸೆಂಟರಿಗೆ ಹೊರಡುವ ಮೊದಲೇ, ಡಾಕ್ಟರ್ ಮನೆಗೆ ಹೋಗುತ್ತೇನೆ. ಗೆರೆಗಳನ್ನೆಲ್ಲ ಕಾಗದದ ಮೇಲೆ ತೆಗೆಸಿಕೊಂಡಿದ್ದೇನೆ. ಮೊದಲು ಫೆಬ್ರವರಿಯದು, ಪಕ್ಕದಲ್ಲಿ ಮೇ ತಿಂಗಳದು. ಅವರ ಬಲಗೈ ಕಡೆಗೆ ಇಡುತ್ತೇನೆ, ಇಲ್ಲದಿದ್ದರೆ ಅದೂ ಕಾಣುವುದಿಲ್ಲ. ಅವರು ಗೆರೆ ಓದುವುದರಲ್ಲಿ ನನಗಿಂತ ಚುರುಕು. ನಾನು ಹೆಚ್ಚು ಹೇಳಬೇಕಾಗಿ ಬರುವುದಿಲ್ಲ. ಇವತ್ತಿನಿಂದ ಓದುವುದು ನಿಲ್ಲಿಸಿ, ಮಾರ್ಚ್‌ನಿಂದ ಓದಿದ್ದನ್ನೆಲ್ಲ ಬೇರೆಯವರಿಂದ ಓದಿಸಿ ಎಂದು ಕೇಳುತ್ತೇನೆ. ಮೊದಲು ಅವರಿಗೇ ಹೇಳುತ್ತೇನೆ, ಅವರ ಬೆನ್ನ ಹಿಂದೆ ಯಾರಿಗೂ ಅಲ್ಲ. ಕೊಟ್ಟ ಮಾತಿನಲ್ಲಿ ನಾನು ಉಳಿಸಿಕೊಳ್ಳಲು ಸಾಧ್ಯವಿರುವುದು ಇಷ್ಟೇ. ಅವರು ಒಪ್ಪದಿದ್ದರೆ ಅಲ್ಲಿಂದಲೇ ಸೆಂಟರಿನ ಯಜಮಾನರ ಹತ್ತಿರ ಹೋಗುತ್ತೇನೆ. ಆಮೇಲೆ ಮರಿಯಪ್ಪನವರ ಕಂಪನಿಯಲ್ಲಾಗಲಿ, ಇನ್ನೆಲ್ಲಾಗಲಿ, ಯಾರೂ ತಮ್ಮ ಹಿಂದೆ ನನಗೆ ಕುರ್ಚಿ ಹಾಕಿಕೊಡುವುದಿಲ್ಲ. ಇರಲಿ.

ಹೆದರಿಕೆಯಾಗುತ್ತಿದೆ. ಅವರು ಬಾಗಿಲು ತೆಗೆದು, “ಬನ್ನಿ ರುದ್ರೇಶ್, ಕಾಫಿ ಕುಡೀರಿ,” ಎಂದರೆ ನಾನು ಕಾಫಿ ಕುಡಿದು ಎದ್ದು ಬಂದುಬಿಡುತ್ತೇನೇನೋ ಎಂದು. ನನ್ನ ತಲೆಯ ಮೇಲೆ ನಿನ್ನ ಕೈ ಇರಲಿ ಅಕ್ಕ. ಭಾವನವರಿಗೆ ನಮಸ್ಕಾರ. ನಿನ್ನ ಶಾಲೆಯ ಮಕ್ಕಳು ಚೆನ್ನಾಗಿರಲಿ, ಅವರಲ್ಲಿ ಕೈ ಎತ್ತದ ಹುಡುಗ ಯಾರಾದರೂ ಇದ್ದರೆ ಅವನನ್ನು ಎಬ್ಬಿಸಿ ಮಾತಾಡಿಸು.

ನಿನ್ನ ತಮ್ಮ,
ರುದ್ರೇಶ

ಮರೆತದ್ದಲ್ಲ, ಮೇಲೆ ಬರೆಯಲಾಗದೆ ಉಳಿದದ್ದು:

ಶುಕ್ರವಾರ ನಿನ್ನ ಗೆರೆಯನ್ನು ನೋಡಿದೆ. ಹೆಸರಿಲ್ಲದಿದ್ದರೂ ದಿನವೂ ವೇಳೆಯೂ ನನಗೆ ಗೊತ್ತಿತ್ತು. ನೀನು ಹೊರಗೆ ಬೆಂಚಿನ ಮೇಲೆ ಕೂತಿದ್ದೆ, ನಾನು ಒಳಗೆ ನನ್ನ ಕುರ್ಚಿಯಲ್ಲಿದ್ದೆ. ಗೆರೆ ಪರದೆಯ ಬಲಗಡೆ ಮೇಲಿನಿಂದ ಕೆಳಕ್ಕೆ ಸಾಲಾಗಿ ಬಂದಿದೆ. ನಡುವಿನ ಬೆನ್ನೆಲುಬು ದಾಟಿದೆ. ಎಡಕ್ಕೆ ತಿರುಗಿದೆ. ತಿರುಗಿದೆ ಅಕ್ಕ! ಆ ತಿಂಗಳಿನ ಬೇರೆ ಯಾವ ಗೆರೆಯೂ ಹೋಗದ ಕಡೆಗೆ, ನೀನು ಹಿಡಿದುಕೊಂಡು ಕೆಮ್ಮುತ್ತಿದ್ದ ಪಕ್ಕೆಯ ಕಡೆಗೆ. ನನ್ನ ಅಕ್ಕನ ಚಿತ್ರ ಎಂದು ಅವರು ಹೆಚ್ಚು ಎಚ್ಚರದಿಂದ ಅಲ್ಲಿಗೂ ಹೋಗುತ್ತಿದ್ದಿರಬೇಕು. ಅಲ್ಲೇ ನಿಂತಿದೆ. ಮುಂದೆ ಹೋಗಿಲ್ಲ.

ಅದು ಯಾಕೆ ನಿಂತಿತು ಎಂದು ನನಗೆ ಗೊತ್ತು. ಇಷ್ಟು ವರ್ಷ ಒಬ್ಬರ ಹಿಂದೆಯೂ ಬಾಯಿ ಬಿಡದವನು ಆ ದಿನ ತಡೆಯಲಾರದೆ, “ಏನೂ ಇಲ್ಲ ಅಲ್ವಾ ಮೇಡಂ?” ಎಂದೆ. ಅವರು ಮೌಸ್ ಬಿಟ್ಟು ಬಲಕ್ಕೆ, ನನ್ನ ಕಡೆಗೆ ತಿರುಗಿದರು. ನನ್ನ ಮುಖ ಹೇಗಿತ್ತೋ. “ಏನೂ ಇಲ್ಲ ಕಣ್ರೀ, ಯಾಕಿಷ್ಟು ಹೆದರ್ತೀರ,” ಎಂದು ನಕ್ಕು ಮುಂದಿನ ಚಿತ್ರ ತೆಗೆದರು.

ಅವರ ಕಣ್ಣು ನಿನ್ನನ್ನು ಬಿಟ್ಟಿತೋ ನನ್ನ ಮಾತು ಬಿಡಿಸಿತೋ ಎಂಬುದು ಯಾವ ಗೆರೆಯಿಂದಲೂ ತಿಳಿಯುವುದಿಲ್ಲ. ಅಲ್ಲಿ ಏನಾದರೂ ಇದೆಯೋ ಇಲ್ಲವೋ ನನಗೆ ಗೊತ್ತಿಲ್ಲ. ಏನೂ ಇಲ್ಲದಿರಬಹುದು. ಆದರೆ ಅಲ್ಲಿ ಯಾರೂ ನೋಡಿಲ್ಲ.

ಈ ಪತ್ರವನ್ನು ಅಂಚೆಗೆ ಹಾಕುವುದಿಲ್ಲ. ನಾಳೆ ಅವರೊಂದಿಗೆ ಮಾತು ಮುಗಿದ ಮೇಲೆ ಕೊಟ್ಟೂರಿನ ಬಸ್ಸು ಹತ್ತುತ್ತೇನೆ. ಎಕ್ಸ್‌ರೇ ಫಿಲ್ಮು ನಿನ್ನ ಹತ್ತಿರವೇ ಇದೆ, ಅಲ್ಮೇರಾದ ಹಿಂದೆ ಇಟ್ಟಿದ್ದೇನೆ ಎಂದಿದ್ದೆ. ಅದನ್ನು ತೆಗೆದುಕೊಂಡು, ನಿನ್ನನ್ನೂ ಕರೆದುಕೊಂಡು ಹೋಗಿ ದಾವಣಗೆರೆಯಲ್ಲಿ ಬೇರೆ ಡಾಕ್ಟರಿಗೆ ತೋರಿಸುತ್ತೇನೆ. ಅದಕ್ಕೆ ಮೊದಲು ಈ ಹಾಳೆಗಳನ್ನು ನಿನ್ನ ಕೈಗೆ ಕೊಡುತ್ತೇನೆ. ನೀನು ಓದಿ ಮುಗಿಸುವವರೆಗೆ ನಿನ್ನ ಎದುರಿಗೆ ಕೂರುತ್ತೇನೆ, ಎಲ್ಲಿಗೂ ಎದ್ದು ಹೋಗುವುದಿಲ್ಲ.

ಟಿಕೆಟ್ ಇನ್ನೂ ತೆಗೆದಿಲ್ಲ.